ಲೆಸೀಲಿ ದೊಡ್ಡಮ್ಮನ ಪಕ್ಕದ ಜಾಗ

ನಮ್ಮ ವವಾಉ ದ್ವೀಪದಲ್ಲಿ ಭಾನುವಾರ ಇಗರ್ಜಿಯ ಗಂಟೆಗಿಂತ ಮೊದಲು ಲೆಸೀಲಿ ದೊಡ್ಡಮ್ಮನ ನಗು ಕೇಳಿಸುತ್ತದೆ. ಅರವತ್ತರ ಹತ್ತಿರದ ವಿಧವೆ. ಸ್ವಂತ ಮಕ್ಕಳಿಲ್ಲ, ತಂಗಿಯರ ಐವರು ಮಕ್ಕಳನ್ನು ಸಾಕಿ ಮದುವೆ ಮಾಡಿದವಳು. ಹೆಂಗಸರು ಕೂತು ಚಾಪೆ ಹೆಣೆಯುವ ಮನೆಯಲ್ಲಿ ಅವಳದೇ ಯಜಮಾನಿಕೆ. ಯಾರ ಹೆಣಿಗೆ ಸಡಿಲವಾಗಿದೆ, ಯಾರ ಮುಖ ಬಾಡಿದೆ, ಎರಡೂ ಅವಳಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ನನ್ನ ಮಗಳು ಸಿಆಲೆ ಹುಟ್ಟಿ ಎರಡು ತಿಂಗಳಾಗಿತ್ತು. ಗಂಡ ವಿಲಿಯಾಮಿ ಹಣ್ಣು ಕೀಳುವ ಕೆಲಸಕ್ಕೆ ಆಸ್ಟ್ರೇಲಿಯಕ್ಕೆ ಹೋಗಿದ್ದ. ಮನೆಯಲ್ಲಿ ಅತ್ತೆ ಇದ್ದರು. ನಾನು ದಿನವಿಡೀ ಹೊಸ್ತಿಲಲ್ಲಿ ಕೂತಿರುತ್ತಿದ್ದೆ. ಅಲ್ಲಿಗೆ ಬಂದು ನಿಂತಳು ಲೆಸೀಲಿ.

“ಏ ಫೂಸಿ, ತಲೆ ಬಾಚಿ ಎಷ್ಟು ದಿನ ಆಯ್ತೇ? ಕೋಳಿ ಬಂದು ಮೊಟ್ಟೆ ಇಟ್ಟುಬಿಡುತ್ತೆ ನೋಡು ಅದ್ರಲ್ಲಿ.”

“ಮಗು ಬಿಡಲ್ಲ ದೊಡ್ಡಮ್ಮ.”

“ಮಗೂಗೆ ಅಜ್ಜಿ ಇದಾಳೆ. ನಿಂಗೆ ಯಾರಿದಾರೆ? ಮೊದ್ಲು ಉಣ್ಣು, ಆಮೇಲೆ ಸ್ನಾನ ಮಾಡು, ಆಮೇಲೆ ನನ್ ಜೊತೆ ಬಾ. ಇದೇ ಕ್ರಮ. ತಪ್ಪಿದ್ರೆ ಕಿವಿ ಹಿಂಡ್ತೀನಿ.”

ಹೀಗೆ ದಿನಕ್ಕೊಂದು ಗಂಟೆ ನನ್ನದಾಯಿತು. ಸಿಆಲೆಯ ಮೊದಲ ಹುಟ್ಟುಹಬ್ಬಕ್ಕೆಂದು ದೊಡ್ಡ ಚಾಪೆ ಶುರುವಾಗಿತ್ತು. ಆರು ಜನ ಸಾಲಾಗಿ ಕೂರುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಮೊಳದ ಅಗಲ. ಅಂಚಿನ ಜಾಗ ನನ್ನದು, ಪಕ್ಕದ್ದು ಅವಳದು. ಕೇದಗೆ ಎಲೆಯ ಸೀಳುಗಳನ್ನು ಒಂದರ ಕೆಳಗೊಂದು ತೂರಿಸುತ್ತಾ ಹೋದಂತೆ ತಲೆಯೊಳಗಿನ ಗದ್ದಲ ಇಳಿಯುತ್ತಿತ್ತು. ರಾತ್ರಿ ನಿದ್ದೆ ಬರತೊಡಗಿತು. ಕೆಸುವಿನ ಎಲೆ, ತೆಂಗಿನ ಹಾಲಿನ ಊಟ ಮತ್ತೆ ರುಚಿಸಿತು. ಇದನ್ನೆಲ್ಲ ಕೊಟ್ಟವಳು ಅವಳೇ. ಅದನ್ನು ಇಲ್ಲವೆನ್ನಲಾರೆ.

ಒಂದು ದಿನ ಮಳೆಗೆ ಉಳಿದವರು ಬರಲಿಲ್ಲ. ಇಬ್ಬರೇ ಇದ್ದೆವು. ಅವತ್ತು ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿದೆ: ಕೆಲವೊಮ್ಮೆ ಮಗು ಅತ್ತರೆ ಎತ್ತಿಕೊಳ್ಳಲು ನನ್ನ ಕೈ ಏಳುವುದಿಲ್ಲ. ಯಾರದೋ ಮಗು ಅನ್ನಿಸುತ್ತದೆ. ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು, “ಅತ್ತುಬಿಡು ಕೂಸೇ. ಈ ಮಾತು ಈ ಚಾಪೆ ದಾಟಲ್ಲ” ಅಂದಳು.

ಬುಧವಾರ ಹೆಂಗಸರ ಪ್ರಾರ್ಥನೆ. ಅತ್ತೆಯ ಪಕ್ಕ ಮಗು ಎತ್ತಿಕೊಂಡು ಕೂತಿದ್ದೆ. ಲೆಸೀಲಿ ಎದ್ದು ನಿಂತು ಕಣ್ಣು ಮುಚ್ಚಿದಳು. ಇಡೀ ಇಗರ್ಜಿಗೆ ಕೇಳುವ ಹಾಗೆ, “ಪ್ರಭುವೇ, ನಮ್ಮ ಫೂಸೀನ ಕಾಪಾಡು. ಹೆತ್ತ ಮಗೂನ ಎತ್ಕೊಳ್ಳೋಕೆ ಅವಳ ಕೈ ಏಳ್ತಿಲ್ಲ. ಅದು ತನ್ನ ಮಗೂನೇ ಅಲ್ಲ ಅನ್ನಿಸ್ತಿದೆ ಅವಳಿಗೆ” ಅಂದಳು.

ಎಲ್ಲರೂ “ಆಮೆನ್” ಅಂದರು. ಅತ್ತೆ ನನ್ನ ತೋಳಿನಿಂದ ಮಗುವನ್ನು ಮೆಲ್ಲಗೆ ಬಿಡಿಸಿಕೊಂಡರು. ಅಂದಿನಿಂದ ತೊಟ್ಟಿಲು ಅವರ ಕೋಣೆಗೆ ಹೋಯಿತು. ಹಾಲೂಡಿಸಲಷ್ಟೇ ನನ್ನ ಕೈಗೆ ಬರುತ್ತಿತ್ತು. ನೆರೆಯವರು ಗೆಣಸು ತಂದುಕೊಟ್ಟು, ಎಲ್ಲಾದರೂ ಗಾಯವಿದೆಯೇ ಎಂದು ಮಗುವಿನ ಕೈಕಾಲು ತಿರುಗಿಸಿ ನೋಡಿ ಹೋದರು.

ಪ್ರಾರ್ಥನೆಯ ಮರುದಿನವೇ ಲೆಸೀಲಿಯ ಅಂಗಳಕ್ಕೆ ಹೋಗಿ, ನನ್ನ ಮಾತು ಚಾಪೆ ದಾಟಿದ್ದೇಕೆ ಎಂದು ಕೇಳಿದೆ.

“ನಾನು ಹೇಳಿದ್ದು ದೇವರ ಹತ್ರ ಕಣೇ!” ಅಂದಳು.

“ದೇವರ ಪಕ್ಕ ನಲವತ್ತು ಜನ ಕೂತಿದ್ರಲ್ಲ ದೊಡ್ಡಮ್ಮ.”

“ನಲವತ್ತು ಬಾಯಿ ಬೇಡಿದ್ರೆ ಬೇಗ ಕೇಳಿಸುತ್ತೆ ಅಂತ... ನಿನ್ ಒಳ್ಳೇದಕ್ಕೇ ಅಲ್ವೇನೇ?”

ಅವಳ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ತಪ್ಪು ಅಂತ ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಮೂರು ವಾರ ಹೆಣಿಗೆಗೆ ಹೋಗಲಿಲ್ಲ. ಮತ್ತೆ ಹೊಸ್ತಿಲು, ಮತ್ತೆ ಗಂಟುಗಟ್ಟಿದ ತಲೆ. ಕೊನೆಗೆ ನಾನೇ ಆಸ್ಪತ್ರೆಯ ನರ್ಸ್ ಹತ್ತಿರ ಹೋದೆ. ಆಕೆ ಬಾಗಿಲು ಮುಚ್ಚಿ ಎಲ್ಲ ಕೇಳಿಸಿಕೊಂಡು, “ಹೆತ್ತ ಎಷ್ಟೋ ಜನರಿಗೆ ಹೀಗಾಗುತ್ತೆ. ವಾರ ವಾರ ಬಾ. ಹೆಣಿಗೆಯ ಆ ಒಂದು ಗಂಟೆ ಮಾತ್ರ ಬಿಡ್ಬೇಡ” ಅಂದಳು. ಅತ್ತೆಯನ್ನೂ ಕರೆಸಿ ಮಾತಾಡಿದಳು. ತೊಟ್ಟಿಲು ನನ್ನ ಕೋಣೆಗೆ ಮರಳಿತು.

ಸೋಮವಾರ ಉಂಡು, ಸ್ನಾನ ಮಾಡಿ, ತಲೆ ಬಾಚಿಕೊಂಡು ಹೆಣಿಗೆ ಮನೆಗೆ ಹೋದೆ. ಚಾಪೆ ಉಳಿದ ಐದು ಜನರ ಕಡೆ ಬೆಳೆದಿತ್ತು. ನನ್ನ ಅಂಚು ಮಾತ್ರ ಹಿಂದೆ ಉಳಿದು ಹಲ್ಲು ಬಿದ್ದ ಬಾಯಂತಿತ್ತು. ಯಾರೂ ಅಲ್ಲಿ ಕೂರದಂತೆ ಲೆಸೀಲಿ ಕಾದಿದ್ದಳಂತೆ. ನಾನು ಕೂತೆ. ಅವಳು ತನ್ನ ಒದ್ದೆ ಎಲೆಗಳ ಕಟ್ಟನ್ನು ನನ್ನತ್ತ ಸರಿಸಿ, ಯಾರಿಗೂ ಕೇಳದಷ್ಟು ಮೆಲ್ಲಗೆ ವಿಚಾರಿಸಿದಳು:

“ಹೇಗಿದೀಯ ಕೂಸೇ?”

“ಚೆನ್ನಾಗಿದೀನಿ ದೊಡ್ಡಮ್ಮ,” ಅಂದೆ. ದಾರಿಯಲ್ಲಿ ಸಿಕ್ಕ ಯಾರಿಗಾದರೂ ಹೇಳುವಂತೆ.

ಅವಳು ನನ್ನ ಮುಖ ನೋಡಿ, ತನ್ನ ಸೀಳುಗಳತ್ತ ತಿರುಗಿದಳು. ನಾನು ಎಲೆಯ ಸೀಳೊಂದನ್ನು ಎತ್ತಿಕೊಂಡು ಹಿಂದುಳಿದ ಅಂಚಿನಿಂದ ಹೆಣೆಯತೊಡಗಿದೆ.