ಮೊದಲು ಕೈ ತಣ್ಣಗಾಗಲಿ

ಬೆಳಗಿನ ಏಳು ಗಂಟೆ. ಫೆಬ್ರುವರಿ ಮುಗಿಯುತ್ತ ಬಂದಿದೆ, ಹೆಲ್ಸಿಂಕಿಗೂ ಎಷ್ಟೋ ಉತ್ತರಕ್ಕಿರುವ ಔಲು ಪಟ್ಟಣದ ಆಕಾಶ ಈಗಷ್ಟೇ ಕಪ್ಪಿನಿಂದ ನೀಲಿಗೆ ತಿರುಗುತ್ತಿದೆ. ಗಡಿಯಾರ ಕಂಪನಿಯ ಹಿಂಬದಿಯ ಅಂಗಳದಲ್ಲಿ, ಸೈಕಲ್ ನಿಲ್ಲಿಸುವ ಚಪ್ಪರದ ಕೆಳಗೆ, ಅರವತ್ಮೂರು ವರ್ಷದ ಹೆಂಗಸೊಬ್ಬರು ಹಸಿರು ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಬಕೆಟ್ಟಿನ ತುಂಬ ಹಿಮ. ಹಿಮದೊಳಗೆ ಅವರ ಬಲಗೈ, ಮಣಿಕಟ್ಟಿನ ತನಕ. ಚಳಿ ಸೊನ್ನೆಗಿಂತ ಇಪ್ಪತ್ತೊಂದು ಡಿಗ್ರಿ ಕೆಳಗೆ. ಅವರ ತುಟಿ ಮಾತ್ರ ಅಲ್ಲಾಡುತ್ತಿದೆ, ಎಣಿಸುತ್ತಿದ್ದಾರೆ. ನೂರಿಪ್ಪತ್ತಕ್ಕೆ ಕೈ ಹೊರಗೆ ಬರುತ್ತದೆ, ಬೇಯಿಸಿದ ಬೀಟ್‌ರೂಟಿನ ಬಣ್ಣದಲ್ಲಿ. ಆ ಒದ್ದೆ ಕೈಯಿಂದಲೇ ಎಡಗೈಗೆ ಕಟ್ಟಿದ ಗಡಿಯಾರದ ಗುಂಡಿ ಒತ್ತುತ್ತಾರೆ. ಟಕ್. ಇನ್ನೊಮ್ಮೆ. ಟಕ್.

"ಏನೇ ಹಿಲ್ಕಾ, ಮೀನಿಗೆ ಉಪ್ಪು ಹಾಕಿದ್ದು ಸಾಲ್ದು ಅಂತ ಈಗ ಕೈಗೂ ಹಾಕ್ತಿದೀಯಾ?" ಸೈಕಲ್ಲಿಗೆ ಬೀಗ ಹಾಕುತ್ತ ಕೇಳುವವನು ತೌನೊ. ಅದೇ ಕಂಪನಿಯಲ್ಲಿ ಅಚ್ಚು ಕೊರೆಯುವವನು, ಹನ್ನೊಂದು ವರ್ಷದ ಜೊತೆಗಾರ.

"ನಿನ್ನ ನಾಲಿಗೆ ಹಾಕ್ಬೇಕು ಕಣೋ ಇದರೊಳಗೆ. ಊರು ಒಂದು ಘಳಿಗೆ ತಣ್ಣಗಿರುತ್ತೆ."

ಇವರು ಹಿಲ್ಕಾ ಪುದಾಸ್. ಪೇಟೆಯಲ್ಲಿ ಓಡುವ ಹುಡುಗ ಹುಡುಗಿಯರ ಕೈಯಲ್ಲಿ ಈಗ ಮೆರೆಯುತ್ತಿರುವ ಆ ಕಪ್ಪು ಗಡಿಯಾರದ ಬಲಬದಿಗೆ ಒಂದು ಉಬ್ಬು ಗುಂಡಿ ಇದೆಯಲ್ಲ, ಅದು ಅಲ್ಲಿರುವುದು ಈ ಹೆಂಗಸಿನ ಹಟದಿಂದ. ಕಳೆದ ಅಕ್ಟೋಬರಿನಲ್ಲಿ ಆ ಗಡಿಯಾರಕ್ಕೆ ವಿನ್ಯಾಸದ ಬಹುಮಾನ ಬಂತು. ವೇದಿಕೆ ಹತ್ತಿದವರು ಒಂಬತ್ತು ಜನ. ಅದೇ ಹೊತ್ತಿಗೆ ಹಿಲ್ಕಾ ನೆಲಮಹಡಿಯ ಮಾದರಿ ಕೋಣೆಯಲ್ಲಿ ಕೂತು ಗಡಿಯಾರದ ಪಟ್ಟಿಗೆ ತೂತು ಹೊಡೆಯುತ್ತಿದ್ದರು. ಕರೆಯಲು ಮರೆತರಂತೆ. ಮೂರು ಮಹಡಿ ಇಳಿದು ಒಂದು ಬಾಗಿಲು ತಟ್ಟಲು ಮರೆಯುತ್ತಾರೆ, ಬಹುಮಾನದ ಫಲಕಕ್ಕೆ ಮೊಳೆ ಹೊಡೆಯಲು ಮಾತ್ರ ಮರೆಯುವುದಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ಅದನ್ನು ಹೊತ್ತು ಮೆರೆಸಲು ಊರ ತುಂಬ ಫಲಕಗಳಿವೆ.

ಹಿಲ್ಕಾ ಹುಟ್ಟಿದ್ದು ಇಲ್ಲಿಂದ ಉತ್ತರಕ್ಕೆ, 'ಈ' ಎಂಬ ಒಂದೇ ಅಕ್ಷರದ ಹೆಸರಿನ ಊರಿನಲ್ಲಿ. ತಾಯಿ ಮರ ಕಡಿಯುವವರಿಗೆ ತೊಗಲಿನ ಕೈಗವಸು ಹೊಲಿಯುತ್ತಿದ್ದರು. ಐದು ಬೆರಳಿನದಲ್ಲ, ಹೆಬ್ಬೆರಳೊಂದಕ್ಕೆ ಬೇರೆ ಮನೆ, ಉಳಿದ ನಾಲ್ಕಕ್ಕೆ ಒಂದೇ ಚೀಲ. ಏಳನೇ ವಯಸ್ಸಿಗೆ ಹಿಲ್ಕಾಗೆ ಸೂಜಿ ಕೈಗೆ ಬಂತು. ಆಮೇಲೆ ಫೋನ್ ಕಾರ್ಖಾನೆ. ಅಲ್ಲಿ ಹತ್ತೊಂಬತ್ತು ವರ್ಷ ಕೀಲಿಗಳನ್ನು ಒತ್ತಿ ಒತ್ತಿ ನೋಡುವ ಕೆಲಸ. ಯಾವ ಕೀಲಿ ಮೆತ್ತಗಿದೆ, ಯಾವುದು ಒಂದು ಕೂದಲೆಳೆ ತಗ್ಗಾಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಒಂದು ದಿನ ಜಗತ್ತಿಗೆ ಕೀಲಿಯೇ ಬೇಡವಾಯಿತು, ಗಾಜು ಸವರಿದರೆ ಸಾಕಾಯಿತು. ಒಂದೇ ಬೆಳಗ್ಗೆ ಇಡೀ ಸಾಲಿನ ಹೆಂಗಸರನ್ನು ಮನೆಗೆ ಕಳಿಸಿದರು. ಬೀಳ್ಕೊಡುಗೆಗೆ ಒಂದೊಂದು ಹೂಕುಂಡ.

"ಹೂವು ಎರಡು ವಾರ ಬದುಕ್ತು. ನಾನು ಎರಡು ವರ್ಷ ಕೆಲಸ ಇಲ್ದೆ ಬದುಕಿದೆ" ಎನ್ನುತ್ತಾರೆ ಹಿಲ್ಕಾ.

ಗಡಿಯಾರ ಕಂಪನಿಗೆ ಸೇರಿ ಹನ್ನೊಂದು ವರ್ಷವಾಯಿತು. ಹುದ್ದೆ 'ಮಾದರಿ ಕೋಣೆಯ ಸಹಾಯಕಿ'. ಸೇರಿದ ದಿನ ಏನಿತ್ತೋ ಇವತ್ತಿಗೂ ಅದೇ. ಮೇಲಿನವರು ಪರದೆಯ ಮೇಲೆ ಬರೆದದ್ದನ್ನು ಕೈಗೆ ಕಟ್ಟುವಂತೆ ಮಾಡುವುದು ಇವರ ಕೆಲಸ. ಅಂಚು ಉಜ್ಜುತ್ತಾರೆ, ಪಟ್ಟಿ ಕತ್ತರಿಸುತ್ತಾರೆ, ಬಂದವರ ಮಣಿಕಟ್ಟು ಅಳೆಯುತ್ತಾರೆ. ಇವತ್ತಿನವರೆಗೆ ಅಳೆದದ್ದು ಎರಡು ಸಾವಿರದ ಎಂಟುನೂರು ಮಣಿಕಟ್ಟು. ದಿನಕ್ಕೆ ಸಾವಿರ ಸಲ ಗುಂಡಿ ಒತ್ತುತ್ತಾರೆ: ಬರಿಗೈಯಲ್ಲಿ ಇನ್ನೂರೈವತ್ತು, ಒದ್ದೆ ಕೈಯಲ್ಲಿ ಅಷ್ಟೇ, ಉಣ್ಣೆಯ ಕೈಗವಸಿನಲ್ಲಿ ಅಷ್ಟೇ, ತೊಗಲಿನದರಲ್ಲಿ ಅಷ್ಟೇ. ಒತ್ತುವ ಯಂತ್ರ ಕಂಪನಿಯಲ್ಲಿ ಇದೆ. ಅದು ಲಕ್ಷ ಸಲ ಒತ್ತುತ್ತದೆ.

"ಒತ್ತಲಿ ಬಿಡು. ಯಂತ್ರದ ಬೆರಳಿಗೆ ಯಾವತ್ತಾದ್ರೂ ಚಳಿ ಆಗಿದೆಯಾ?"

ಈಗ ಆ ಗುಂಡಿಯ ಹಿಂದಿನ ಹಗರಣಕ್ಕೆ ಬರೋಣ. ಎರಡು ಚಳಿಗಾಲದ ಹಿಂದೆ ಈ ಗಡಿಯಾರದ ಮೊದಲ ಚಿತ್ರ ಮೇಲಿಂದ ಇಳಿದು ಬಂತು. ಹೆಲ್ಸಿಂಕಿಯಿಂದ ಬಂದ ಮುಖ್ಯ ವಿನ್ಯಾಸಕ ರಾಸ್ಮುಸ್ ಸಾರಿಮಾ ಬರೆದದ್ದು. ಮೂವತ್ನಾಲ್ಕು ವರ್ಷ, ಬುದ್ಧಿವಂತ, ನಯವಾದ ಮಾತು. ಗಡಿಯಾರವೂ ಅವನ ಹಾಗೆಯೇ ನಯ, ಹೊಳೆಯಲ್ಲಿ ಉರುಳಿದ ಕಲ್ಲಿನಂತೆ. ಗುಂಡಿ ಇಲ್ಲ, ಗೀರಿಲ್ಲ, ಎಲ್ಲವೂ ಬೆರಳಲ್ಲಿ ಸವರುವುದೇ. ಪಟ್ಟಿಯನ್ನೂ ನಾಲ್ಕು ತೂತು ಗಿಡ್ಡ ಮಾಡಿದ್ದ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆಂದು. ಚಳಿಗಾಲದಲ್ಲಿ ಈ ಊರಿನ ಓಟಗಾರರು ಗಡಿಯಾರವನ್ನು ಅಂಗಿಯ ತೋಳಿನ ಮೇಲೆ ಕಟ್ಟುತ್ತಾರೆ, ಅದಕ್ಕೆ ಉದ್ದ ಪಟ್ಟಿ ಬೇಕು ಎಂದು ಹಿಲ್ಕಾ ಹೇಳಿದಾಗ ಪಟ್ಟಿಯ ಮಟ್ಟಿಗೆ ಒಪ್ಪಿದ. ಗುಂಡಿಯ ಮಾತು ಬಂದಾಗ ನಕ್ಕ.

"ಹಿಲ್ಕಾ, ಬೇಜಾರು ಮಾಡ್ಕೋಬೇಡ. ಟಚ್ ಸ್ಕ್ರೀನು ಒಂದ್ಸಲ ನಿನ್ನ ರೊಟ್ಟಿ ಕಿತ್ಕೊಳ್ತು. ಅದರ ಮೇಲೆ ನಿನಗೆ ಸಿಟ್ಟಿದೆ. ನನಗರ್ಥ ಆಗುತ್ತೆ."

ಅರ್ಥವಾಗುತ್ತದಂತೆ! ಕೆಲಸ ಬಲ್ಲವರ ಬಾಯಿ ಮುಚ್ಚಿಸಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಅವರ ತಿಳಿವಳಿಕೆಯನ್ನು ಅವರ ನೋವು ಎಂದು ಕರೆದು, ಬೆನ್ನು ತಟ್ಟಿ, ಬಾಗಿಲು ಹಾಕಿಕೊಂಡರೆ ಆಯಿತು. ಈ ಕಂಪನಿಯಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು 'ನೀನು' ಎಂದೇ ಕರೆಯುತ್ತಾರೆ, ಎಲ್ಲರೂ ಸಮ ಎಂಬಂತೆ. ಮೂರನೇ ಮಹಡಿಯ ಸಭೆಗೆ ಯಾರ ಗುರುತಿನ ಬಿಲ್ಲೆ ತಾಗಿಸಿದರೆ ಬಾಗಿಲು ತೆರೆಯುತ್ತದೆ ಎಂದು ನೋಡಿದರೆ ಸಮಾನತೆಯ ಬಣ್ಣ ತಿಳಿಯುತ್ತದೆ. ಹಿಲ್ಕಾ ಅವರ ಬಿಲ್ಲೆಗೆ ಅದು ತೆರೆಯುವುದಿಲ್ಲ.

ಮಾದರಿ ಗಡಿಯಾರಗಳನ್ನು ಊರಿನ ಹನ್ನೆರಡು ಎಳೆಯ ಓಟಗಾರರಿಗೆ ಕೊಟ್ಟರು. ಅವರಲ್ಲಿ ಒಬ್ಬಳು ಪಿಹ್ಲಾ, ಆಗ ಇಪ್ಪತ್ತೆರಡರ ಹುಡುಗಿ, ನರ್ಸಿಂಗ್ ಓದುತ್ತಿದ್ದಳು. ಕಾಡಿನಲ್ಲಿ ಓಡುವವನು ಗಡಿಯಾರವನ್ನು ಮುಟ್ಟುವುದು ಎರಡೇ ಸಲ, ಹೊರಡುವಾಗ ಮತ್ತು ಮುಗಿಸುವಾಗ. ಪೇಟೆಯಲ್ಲಿ ಓಡುವವಳಿಗೆ ದಾರಿಯುದ್ದಕ್ಕೂ ಸಿಗ್ನಲ್. ನಮ್ಮ ಜನವೋ, ಬೆಳಗಿನ ಆರಕ್ಕೆ ಕಣ್ಣು ಹಾಯುವ ತನಕ ಒಂದು ಕಾರಿಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವವರು. ನಿಂತಲ್ಲೇ ಕುಣಿಯುತ್ತಾರೆ, ಮೈ ಆರಬಾರದೆಂದು. ಕುಣಿದರೆ ಗಡಿಯಾರ ಇವಳು ಓಡುತ್ತಲೇ ಇದ್ದಾಳೆಂದು ತಿಳಿಯುತ್ತದೆ, ತಾನಾಗಿ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಸಿಗ್ನಲ್ಲಿಗೂ ನಿಲ್ಲಿಸಬೇಕು, ಮತ್ತೆ ಶುರು ಮಾಡಬೇಕು. ಪಿಹ್ಲಾಳ ದಾರಿಯಲ್ಲಿ ಒಂಬತ್ತು ಸಿಗ್ನಲ್. ಅಂದರೆ ಹದಿನೆಂಟು ಸಲ ಕೈಗವಸು ಬಿಚ್ಚಿ ಗಾಜು ಸವರಬೇಕು.

ಜನವರಿಯ ಒಂದು ಬೆಳಗ್ಗೆ, ಚಳಿ ಮೈನಸ್ ಇಪ್ಪತ್ನಾಲ್ಕು ಇದ್ದಾಗ, ಅವಳು ಸವರಿದಳು. ಬೆವರು ತಾಗಿ ಮರಗಟ್ಟಿದ ಬೆರಳನ್ನು ಗಡಿಯಾರ ಗುರುತಿಸಲಿಲ್ಲ. ಮತ್ತೆ ಸವರಿದಳು. ಪರೀಕ್ಷೆಗೆಂದು ಕೊಟ್ಟದ್ದು, ಸರಿಯಾಗಿ ಮಾಡಬೇಕು ಎಂಬ ನಿಯತ್ತಿನ ಹುಡುಗಿ, ಸೇತುವೆಯ ಗಾಳಿಯಲ್ಲೂ ಬಿಡಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಬಲಗೈ ತೋರುಬೆರಳಿನ ತುದಿ ಮೇಣದಂತೆ ಬಿಳಿಚಿತ್ತು. ಹಿಮ ಕಚ್ಚಿತ್ತು. ಗುಳ್ಳೆ ಎದ್ದು, ಕಪ್ಪಾಗಿ, ಚರ್ಮ ಸುಲಿದು, ಗಾಯವೇನೋ ಮಾಯಿತು. ಸ್ಪರ್ಶ ವಾಪಸು ಬರಲಿಲ್ಲ.

"ಸೂಜಿ ಚುಚ್ಚೋಕೆ ಮುಂಚೆ ನರ ಹುಡುಕೋದು ಈ ಬೆರಳಲ್ಲೇ" ಎನ್ನುತ್ತಾಳೆ ಈಗ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪಿಹ್ಲಾ. "ಎಡಗೈಲಿ ಹುಡುಕೋದನ್ನ ಹೊಸದಾಗಿ ಕಲೀಬೇಕಾಯ್ತು. ಅಜ್ಜಿಯಂದಿರು ಕೇಳ್ತಾರೆ, ಎಡಚಿಯೇನೇ ನೀನು ಅಂತ. ಹ್ಞೂ ಅಂತೀನಿ."

ಕಂಪನಿಯ ವರದಿ ಈ ಬೆರಳಿನ ಬಗ್ಗೆ ಬರೆದದ್ದು ಒಂದೇ ಸಾಲು: 'ಬಳಕೆದಾರರು ಹವಾಮಾನಕ್ಕೆ ತಕ್ಕ ಕೈಗವಸು ಬಳಸಿಲ್ಲ.' ಕೈಗವಸು ಬಿಚ್ಚಿಸಿದವರೇ ಕೈಗವಸಿನ ಪಾಠ ಹೇಳಿದರು. ಅದರ ಕೆಳಗೆ ಇನ್ನೊಂದು ಸಾಲು: 'ಪರದೆ ಮೈನಸ್ ಮೂವತ್ತರಲ್ಲೂ ಸರಿಯಾಗಿ ಕೆಲಸ ಮಾಡುತ್ತದೆ, ಪರೀಕ್ಷಿಸಲಾಗಿದೆ.'

ಆ ಎರಡನೇ ಸಾಲು ಹಿಲ್ಕಾ ಅವರನ್ನು ಮಲಗಲು ಬಿಡಲಿಲ್ಲ. ಮರುದಿನ ಅವರು ಪರೀಕ್ಷೆ ನಡೆಯುವ ಕೋಣೆಗೆ ಹೋಗಿ ಸುಮ್ಮನೆ ನಿಂತು ನೋಡಿದರು. ಶೀತಪೆಟ್ಟಿಗೆಯಲ್ಲಿ ಗಡಿಯಾರವನ್ನು ನಾಲ್ಕು ತಾಸು ಇಡುತ್ತಾರೆ. ಅದು ಕಲ್ಲಾಗುತ್ತದೆ. ಆಮೇಲೆ ಪರೀಕ್ಷೆ ಮಾಡುವವನು ಕಾಫಿ ಲೋಟ ಕೆಳಗಿಟ್ಟು, ಪೆಟ್ಟಿಗೆಯ ಕಿಂಡಿಯಿಂದ ಕೈ ತೂರಿಸಿ, ಪರದೆ ಸವರುತ್ತಾನೆ. ತಕ್ಷಣ ದೀಪ ಹತ್ತುತ್ತದೆ. ಸರಿ ಇದೆ ಎಂದು ಗುರುತು ಹಾಕುತ್ತಾನೆ.

"ವಾಚ್ ತಣ್ಣಗೆ ಮಾಡಿದ್ರು. ಕೈ ತಣ್ಣಗೆ ಮಾಡ್ಲಿಲ್ಲ!" ಹಿಲ್ಕಾ ಈಗಲೂ ಮೇಜು ಗುದ್ದುತ್ತಾರೆ. "ಕಾಫಿ ಲೋಟ ಹಿಡಿದಿದ್ದ ಬಿಸಿ ಕೈ. ಚಳಿಯಲ್ಲೇ ಹುಟ್ಟಿ ಚಳಿಯಲ್ಲೇ ಬೆಳೆದ ಮಂದಿ, ಒಬ್ಬರಿಗೂ ಹೊಳೀಲಿಲ್ಲ. ಯಾಕೆ ಹೊಳೀಬೇಕು? ಮನೆಯಿಂದ ಕಾರಿಗೆ, ಕಾರಿಂದ ಲಿಫ್ಟಿಗೆ."

ಮುಂದಿನ ಗುರುವಾರ ಅಂತಿಮ ಸಭೆ. ಅಂದು ಒಪ್ಪಿಗೆಯಾದರೆ ಅಚ್ಚು ಕೊರೆಯಲು ಶುರು, ಆಮೇಲೆ ಗುಂಡಿಗೆ ಜಾಗವೇ ಇಲ್ಲ. ಮಧ್ಯಾಹ್ನದ ಬಟಾಣಿ ಸಾರು ಮುಗಿಸಿ ಎಲ್ಲರೂ ಮೂರನೇ ಮಹಡಿಗೆ ಹತ್ತಿದರು. ತೌನೊ ತನ್ನ ಬಿಲ್ಲೆ ತಾಗಿಸಿ ಬಾಗಿಲು ಹಿಡಿದ. ಹಿಲ್ಕಾ ಹಸಿರು ಬಕೆಟ್ ಹೊತ್ತು ಒಳಗೆ ಬಂದರು. ಬಿಳಿ ಮೇಜಿನ ಮೇಲೆ, ಏಲಕ್ಕಿ ಬನ್ನಿನ ತಟ್ಟೆಯ ಪಕ್ಕದಲ್ಲಿ, ಅದನ್ನು ದೊಪ್ಪನೆ ಇಟ್ಟರು.

"ರಾಸ್ಮುಸ್, ಕೈ ಹಾಕು. ಎರಡು ನಿಮಿಷ."

"ಹಿಲ್ಕಾ, ಕಾರ್ಯಸೂಚಿಯಲ್ಲಿ..."

"ಕಾರ್ಯಸೂಚಿನೂ ಅದರೊಳಗೇ ಹಾಕು."

ಯಾರೋ ಕಿಸಕ್ಕನೆ ನಕ್ಕರು. ನಗು ಬಂದ ಮೇಲೆ ಹಿಂಜರಿದರೆ ಹೇಡಿಯೆನಿಸುತ್ತದೆ. ರಾಸ್ಮುಸ್ ತೋಳು ಮಡಚಿ ಕೈ ಹಾಕಿದ. ಅರ್ಧ ನಿಮಿಷಕ್ಕೆ ಕಿವಿ ಕೆಂಪಾಯಿತು. ಒಂದು ನಿಮಿಷಕ್ಕೆ ತಾಯಿಯ ಮನೆಯಲ್ಲಿ ಆಡಬಾರದ ಮಾತೊಂದು ಬಾಯಿಂದ ಬಂತು. ಹಿಲ್ಕಾ ಎಣಿಸುತ್ತಲೇ ಇದ್ದರು. ನೂರಿಪ್ಪತ್ತಕ್ಕೆ ಅವನದೇ ಗಡಿಯಾರವನ್ನು ಓಟದ ಎಣಿಕೆಗೆ ಹಚ್ಚಿ ಅವನ ಮಣಿಕಟ್ಟಿಗೆ ಕಟ್ಟಿ, "ನಿಲ್ಲಿಸು" ಎಂದರು. ಸವರಿದ. ಅಂಕಿಗಳು ಓಡುತ್ತಲೇ ಇದ್ದವು. ಒರೆಸಿಕೊಂಡು ಸವರಿದ. ಓಡುತ್ತಲೇ ಇದ್ದವು. ಏಳನೇ ಸಲಕ್ಕೆ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡ.

"ಆ ಹುಡುಗಿಗೆ ಸೇತುವೆ ಮೇಲೆ ಕೈನ ಕಂಕುಳಲ್ಲಿ ಇಟ್ಕೊಳ್ಳೋಕೂ ಆಗ್ಲಿಲ್ಲ" ಎಂದು ಹೇಳಿ ಹಿಲ್ಕಾ ಬಕೆಟ್ ಎತ್ತಿಕೊಂಡು ಇಳಿದರು. ಬನ್ನು ಮುಟ್ಟಲಿಲ್ಲ.

ಗುಂಡಿ ಬಂತು. ಎರಡು ಕೇಳಿದ್ದರು, ಒಂದು ಬಂತು. ಎಲ್ಲಿರಬೇಕು, ಎಷ್ಟು ಉಬ್ಬಿರಬೇಕು ಎಂದು ಹಿಲ್ಕಾ ಮೂರು ತಿಂಗಳು ಮೇಣದಲ್ಲಿ ತಿದ್ದಿದರು. ಹೆಚ್ಚು ಉಬ್ಬಿದರೆ ಕೈ ಮಡಚಿದಾಗ ತಾನೇ ಒತ್ತಿಕೊಳ್ಳುತ್ತದೆ, ತಗ್ಗಿದರೆ ಉಣ್ಣೆಗೆ ಸಿಗುವುದಿಲ್ಲ. ತಾಯಿ ಹೊಲಿದ ತೊಗಲಿನ ಕೈಗವಸು ಹಾಕಿಕೊಂಡೇ ಕೊನೆಯ ಅಳತೆ ಹಿಡಿದರು. ಜಾಹೀರಾತಿನ ಪುಸ್ತಿಕೆಯಲ್ಲಿ ಆ ಗುಂಡಿಗೆ ಅರ್ಧ ಪುಟ. 'ಉತ್ತರದ ಚಳಿಯಲ್ಲಿ ಮೂಡಿದ ಕಲ್ಪನೆ' ಎಂದು ಬರೆದಿದ್ದಾರೆ. ಯಾರ ಕಲ್ಪನೆ? ಚಿತ್ರದಲ್ಲಿ ಬಿಸಿಲಿನ ಕಡಲತೀರ, ತೋಳಿಲ್ಲದ ಅಂಗಿ ತೊಟ್ಟ ಹುಡುಗ. ಚಳಿಯೂ ಇಲ್ಲ, ಹಿಲ್ಕಾ ಅವರೂ ಇಲ್ಲ.

ಏಪ್ರಿಲ್ ಕೊನೆಗೆ ಹಿಲ್ಕಾ ನಿವೃತ್ತರಾಗುತ್ತಾರೆ. ಮುಂದಿನ ಗಡಿಯಾರದ ಚಿತ್ರ ಈಗಾಗಲೇ ಕೆಳಗಿಳಿದಿದೆ. ನಯವಾಗಿದೆ. ಗುಂಡಿ ಇಲ್ಲ. ಪರೀಕ್ಷೆಯ ಕೈಪಿಡಿಯಲ್ಲಿ ಇನ್ನೂರ ಹನ್ನೆರಡು ಹಂತಗಳಿವೆ. ಬೀಳಿಸುವುದು, ಉಪ್ಪುನೀರಿನಲ್ಲಿ ಅದ್ದುವುದು, ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಬೇಯಿಸುವುದು ಎಲ್ಲ ಉಂಟು. ಕೈ ತಣ್ಣಗೆ ಮಾಡಬೇಕು ಎಂಬುದು ಇವತ್ತಿಗೂ ಅದರಲ್ಲಿಲ್ಲ. ಹಿಲ್ಕಾ ಹೋದ ಮರುದಿನ ಆ ಬಕೆಟ್ಟು ನೆಲ ಒರೆಸಲು ಹೋಗುತ್ತದೆ, ಮತ್ತೊಂದು ಚಳಿಗಾಲಕ್ಕೆ ಮತ್ತೊಂದು ಬೆರಳು.

ಕಳೆದ ವಾರ ರಾಸ್ಮುಸ್ ತಾನೇ ಮಾದರಿ ಕೋಣೆಗೆ ಇಳಿದು ಬಂದ. ಬೀಳ್ಕೊಡುಗೆಗೆ ಗಡಿಯಾರ ಕೊಡುವುದೆಂದು ತೀರ್ಮಾನವಾಗಿದೆ, ಹಿಂಬದಿಗೆ ಹೆಸರು ಕೊರೆಸುತ್ತೇವೆ, ಪೂರ್ತಿ ಹೆಸರೋ ಬರೀ ಹಿಲ್ಕಾ ಎಂದೋ ಎಂದು ಕೇಳಿದ.

"ಹೆಸರು ಬೇಡ" ಎಂದರು ಹಿಲ್ಕಾ, ಪಟ್ಟಿಯಿಂದ ತಲೆ ಎತ್ತದೆ. "ವಾಚಿನ ಹಿಂದೆ ಕೊರೆದ್ರೆ ನನ್ನ ಚರ್ಮ ಓದುತ್ತೆ, ಅಷ್ಟೆ. ಕೈಪಿಡೀಲಿ ಒಂದು ಸಾಲು ಬರಿ. ಇನ್ನೂರ ಹದಿಮೂರು: ಮೊದಲು ಕೈ ತಣ್ಣಗಾಗಲಿ, ಎರಡು ನಿಮಿಷ, ಹಿಮದಲ್ಲಿ. ಬರೆದ್ರೆ ಕೇಕ್ ತಿನ್ನೋಕೆ ಮೇಲೆ ಬರ್ತೀನಿ. ಇಲ್ಲಾಂದ್ರೆ ಕೇಕ್ ನೀವೇ ತಿನ್ನಿ."

"ನೋಡೋಣ" ಎಂದನಂತೆ ರಾಸ್ಮುಸ್. ಹೋಗುವಾಗ ಅವನ ಬಲಗೈ ಜೇಬಿನಲ್ಲಿತ್ತು ಎಂದು ತೌನೊ ನಗುತ್ತಾನೆ.

ಶನಿವಾರ ಬೆಳಗ್ಗೆ ಹಿಲ್ಕಾ ಮತ್ತು ತೌನೊ ತುಯಿರಾ ಬಡಾವಣೆಯ ಬಸ್ ನಿಲ್ದಾಣದಲ್ಲಿದ್ದಾರೆ, ಕೈಯಲ್ಲಿ ಮೀನು ಹಿಡಿಯುವ ಸರಂಜಾಮು. ರಸ್ತೆ ಖಾಲಿ. ಸೇತುವೆಯ ಕಡೆಯಿಂದ ಉಸಿರಿನ ಹೊಗೆ ಬಿಡುತ್ತ ಪಿಹ್ಲಾ ಓಡಿ ಬರುತ್ತಾಳೆ. ಸಿಗ್ನಲ್ ಕೆಂಪಾಗುತ್ತದೆ, ಅವಳು ನಿಂತಲ್ಲೇ ಕುಣಿಯುತ್ತಾಳೆ. ಬಲಗೈ ದಪ್ಪ ಕೈಗವಸಿನೊಳಗಿಂದಲೇ ಎಡ ಮಣಿಕಟ್ಟಿಗೆ ಹೋಗಿ ಬರುತ್ತದೆ. ಕಣ್ಣು ದೀಪದ ಮೇಲೆಯೇ ಇದೆ. ಹಸಿರಾದಾಗ ಕೈ ಮತ್ತೊಮ್ಮೆ ಹೋಗಿ ಬರುತ್ತದೆ. ಇವರತ್ತ ಕೈ ಬೀಸಿ ತಿರುವಿನಲ್ಲಿ ಮರೆಯಾಗುತ್ತಾಳೆ.

ಹಿಲ್ಕಾ ತೌನೊನ ಪಕ್ಕೆಗೆ ತಿವಿಯುತ್ತಾರೆ.

"ಕಂಡ್ಯಾ? ವಾಚ್ ಕಡೆ ನೋಡ್ಲೇ ಇಲ್ಲ ಅವಳು."