ತಾಯಿ ಮಗನ ನಡುವೆ ಒಂದು ಹಾಯಿ

ಹವಾನಾ ಬಂದರಿನಲ್ಲಿ ಕಸಿಲ್ದಾಳ ಹೊಲಿಗೆ ಬಿಚ್ಚಿದ್ದನ್ನು ಕಂಡವರಿಲ್ಲ. ಅವಳ ಬಾಯಿ ಮುಚ್ಚಿದ್ದನ್ನು ಕಂಡವರೂ ಇಲ್ಲ. ಅವಳಪ್ಪ ಹಡಗಿನ ಹಾಯಿ ಹೊಲಿಯುತ್ತಿದ್ದವನು. ಗಂಡುಮಕ್ಕಳಿಲ್ಲದ್ದರಿಂದ, ದಪ್ಪ ಸೂಜಿ ತಳ್ಳಲು ಅಂಗೈಗೆ ಬಿಗಿಯುವ ತೊಗಲಿನ ಪಟ್ಟಿಯನ್ನು ಮಗಳ ಕೈಗೇ ಕಟ್ಟಿ ಕಣ್ಣು ಮುಚ್ಚಿದ. ನಲವತ್ತರ ಹೊಸ್ತಿಲು ದಾಟುವವರೆಗೂ ಅವಳು ಊರವರ ಹಡಗುಗಳಿಗೆಲ್ಲ ಬಟ್ಟೆ ತೊಡಿಸಿದಳು; ತನ್ನ ಮದುವೆಯ ಬಟ್ಟೆ ಮಾತ್ರ ಪೆಟ್ಟಿಗೆಯಲ್ಲೇ ಮಡಿಕೆ ಬಿದ್ದಿತ್ತು. ಮದುಮಗನಿರಲಿಲ್ಲವೆಂದಲ್ಲ. ಇದ್ದ, ಸದಾ ಸಮುದ್ರದಲ್ಲಿದ್ದ.

ತದೇಯೊ ಎಂಬ ಆ ಮಹಾಶಯ 'ಸಾಂತಾ ರುಫಿನಾ' ಎಂಬ ವ್ಯಾಪಾರಿ ಹಡಗಿನಲ್ಲಿ ನಾವಿಕರ ಮೇಸ್ತ್ರಿ. ಪ್ರತಿ ಸಲವೂ "ಇದೊಂದು ಸುತ್ತು ಮುಗಿಸ್ಕೊಂಡು ಬಂದ್ಬಿಡ್ತೀನಿ ಕಣೆ" ಎಂದು ಹೋಗುವವನು. ೧೬೯೭ರ ಫೆಬ್ರವರಿಯಲ್ಲಿ ಅವನು ಬಂದದ್ದೇನೋ ನಿಜ, ಆದರೆ ಹೋದ ಹಡಗೇ ಬಂದಿದೆಯೆಂದು ನಂಬುವುದು ಕಷ್ಟವಾಯಿತು. ವೆರಾಕ್ರೂಸಿನಿಂದ ಕೋಕೋ ಹೊತ್ತು ಬರುವಾಗ ಬಡಗಣ ಬಿರುಗಾಳಿ ಹಿಡಿದು, ನಡುಗಂಬದ ತುದಿ ಮುರಿದು, ಚುಕ್ಕಾಣಿ ಸೀಳಿ, ಅಡುಗೆಯ ಒಲೆ ಸಮುದ್ರದ ಪಾಲಾಗಿತ್ತು. ದೊಡ್ಡ ಹಾಯಿ ಮೇಲಿಂದ ಕೆಳಗೆ ಎರಡು ಹೋಳು.

ಕಸಿಲ್ದಾ ಮೊದಲು ಮನುಷ್ಯನನ್ನು ತಡವಿ ನೋಡಿದಳು, ಆಮೇಲೆ ಹಾಯಿಯನ್ನು. ಅರಿವೆ ಹರಿದಿತ್ತು, ಅವಳ ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

"ಹಡಗು ರಿಪೇರಿಯಾಗಿ ಮತ್ತೆ ಹೊರಡೋಕೆ ಮುಂಚೆ ಮದ್ವೆ ಆಗ್ಬಿಡೋಣ" ಅಂದಳು. "ಬರೋ ವಿಭೂತಿ ಬುಧವಾರಕ್ಕೆ ಉಪವಾಸದ ಕಾಲ ಶುರುವಾದ್ರೆ ಈಸ್ಟರ್ ತನಕ ಯಾವ ಪಾದ್ರೀನೂ ಮದ್ವೆ ಮಂತ್ರ ಹೇಳಲ್ಲ. ಅಷ್ಟೊತ್ತಿಗೆ ನೀನು ಮತ್ತೆ ನೀರುಪಾಲು."

ತದೇಯೊ ಕತ್ತು ಕೆರೆದುಕೊಂಡ. "ಒಂದು ತೊಡಕಿದೆ ಕಣೆ. ಹರಕೆ ಹೊತ್ಕೊಂಡಿದೀನಿ. ಅದು ತೀರೋ ತನಕ ಮದುಮಗನಾಗಲ್ಲ ಅಂತ ಆಣೆ ಇಟ್ಟಿದೀನಿ."

ಬಿರುಗಾಳಿಯಿಂದ ಬದುಕಿ ಬಂದವರು ದೊಡ್ಡ ಹಾಯಿಯನ್ನು ಬರಿಗಾಲಲ್ಲಿ ಹೊತ್ತು ದೇವರಿಗೊಪ್ಪಿಸಿ, ಕಾಣಿಕೆಯಿಟ್ಟು ಬಿಡಿಸಿಕೊಂಡು ಬರುವುದು ಅಲ್ಲಿನ ಪದ್ಧತಿ. ದೇವರಿಗೆ ಹಾಯಿ ಕಟ್ಟಲು ಹಡಗಾದರೂ ಎಲ್ಲಿದೆ? ತೊಡಕು ಬೇರೆ ಇತ್ತು. ಗಾಳಿಯ ಅಬ್ಬರದಲ್ಲಿ ಹಡಗಿನ ಹಿಂದಿದ್ದವರ ಕೂಗು ಮುಂದಿದ್ದವರಿಗೆ ಕೇಳಿರಲಿಲ್ಲ. ಹಿಂದೆ ತದೇಯೊ ಮತ್ತವನ ಕಡೆಯವರು ಆ ಹಾಯಿಯನ್ನು ಕೊಲ್ಲಿಯಾಚೆಯ ರೆಗ್ಲಾ ಮಾತೆಗೆ, ಅಂದರೆ ಯೇಸುವಿನ ತಾಯಿಗೆ, ಹರಸಿಕೊಂಡಿದ್ದರು. ಮುಂದೆ ಅಡುಗೆಯ ಮೆಲ್ಚೋರನ ಕಡೆಯವರು ಅದೇ ಹಾಯಿಯನ್ನು ಊರೊಳಗಿನ ಸುಖಪ್ರಯಾಣದ ಯೇಸುವಿಗೆ ಹರಸಿಕೊಂಡಿದ್ದರು.

"ಮೊದಲು ನಮ್ಮ ಯೇಸುವಿಗೆ" ಎಂದ ಮೆಲ್ಚೋರ. "ಆಮೇಲೆ ನೀವು ತಗೊಂಡ್ಹೋಗಿ."

"ಅಂದ್ರೆ ನಮ್ಮ ತಾಯಿಗೆ ನಿನ್ನ ಅಡುಗೆ ತರ ಹಳಸಲು ಬಡಿಸ್ಬೇಕಾ?"

"ನನ್ನ ಹಳಸಲು ತಿಂದೇ ನಿನ್ನ ಹೊಟ್ಟೆ ಹೀಗಾಗಿರೋದು, ಮೇಸ್ತ್ರಿ."

ಮೂರು ದಿನ ವಾದ ನಡೆಯಿತು. ಹಾಯಿ ಬಂದರಿನ ಕಟ್ಟೆಯ ಮೇಲೆ ಬಿದ್ದಿತ್ತು, ನಾಯಿಗಳು ಅದರ ಮೇಲೆ ಮಲಗಿ ಪುಣ್ಯ ಕಟ್ಟಿಕೊಂಡವು. ಸೋಮವಾರ ಸಂಜೆ ಹಡಗಿನ ಯಜಮಾನ ಬೇಸತ್ತು, "ಹೊಲಿದುಬಿಡು ತಾಯಿ, ಹರಕೆ ಅವರವರ ಹಣೆಬರಹ" ಎಂದ.

ಕಸಿಲ್ದಾ ಸೂಜಿಗೆ ದಾರ ಪೋಣಿಸಿ ಕೂತಳು. ಎರಡು ಹೋಳನ್ನೂ ಜೋಡಿಸಿ ಹಿಡಿದಳು. ಹಿಡಿದವಳು ಹಾಗೇ ತಡೆದು, ಸೂಜಿಯನ್ನು ಮುಡಿಗೆ ಸಿಕ್ಕಿಸಿಕೊಂಡಳು.

"ಹೊಲಿಯಲ್ಲ" ಅಂದಳು. "ನೀವು ಹರಕೆ ಹೊತ್ತಿದ್ದು ಎರಡು, ಗಾಳಿ ಹರಿದು ಕೊಟ್ಟಿದ್ದೂ ಎರಡು. ದೇವರೇ ಪಾಲು ಮಾಡಿಟ್ಟಿರೋವಾಗ ನಿಮ್ದೇನು ಪಂಚಾಯ್ತಿ?"

ಇಬ್ಬರೂ ಬಗ್ಗಿ ನೋಡಿದರು. ಹರಕೆಯ ಹಾಯಿ ಹರಕು ಹಾಯಿಯೆಂಬುದು ಅಷ್ಟು ದಿನ ಎಲ್ಲರ ಕಣ್ಣೆದುರೇ ಇತ್ತು.

"ಒಂದು ದೊಡ್ಡದು, ಒಂದು ಚಿಕ್ಕದು" ಎಂದು ಮೆಲ್ಚೋರ ಗುರುಗುಟ್ಟಿದ. "ದೊಡ್ಡದು ಯಾರಿಗೆ?"

"ಮಗನಿಗೆ. ತಾಯಿನೇ ಕೇಳಿ ನೋಡು. ದೊಡ್ಡ ತುಂಡು ತಾನು ಇಟ್ಕೊಂಡು ಚಿಕ್ಕದು ಮಗನಿಗೆ ಬಡಿಸಿದ ತಾಯಿ ಯಾರಾದ್ರೂ ಇದಾಳಾ?"

ತದೇಯೊನಿಗೂ ತಾಯಿಯಿದ್ದಳು; ಚಿಕ್ಕ ಹೋಳನ್ನು ತಾನೇ ಮಡಿಸತೊಡಗಿದ.

ಮಂಗಳವಾರ ಬೆಳಗಾಗುತ್ತಲೇ ಎರಡು ಮೆರವಣಿಗೆ ಹೊರಟವು. ಮೆಲ್ಚೋರನ ಕಡೆಯವರು ದೊಡ್ಡ ಹೋಳು ಹೊತ್ತು ಕಲ್ಲುಬೀದಿಯಲ್ಲಿ ಕಾಲು ತರಚಿಕೊಂಡು ನಡೆದರು. ತದೇಯೊ ಕಟ್ಟೆಯ ತುದಿಯಲ್ಲಿ ಪೆಚ್ಚಾಗಿ ನಿಂತ.

"ನಡುವೆ ಕೊಲ್ಲಿ ಇದೆಯಲ್ಲೆ. ಬರಿಗಾಲಲ್ಲಿ ಹೇಗೆ ದಾಟೋದು?"

"ನೀರಿನ ಮೇಲೆ ನಡೆದೋನು ಒಬ್ಬನೇ, ಅವನೂ ಎದುರು ಪಾರ್ಟಿ" ಎಂದಳು ಕಸಿಲ್ದಾ. "ದೋಣೀಲಿ ಕೂತು ಕಾಲು ನೀರಿಗೆ ಬಿಡ್ರೋ."

ಹಾಗೆ ಎಂಟು ಜನ ಗಟ್ಟಿಮುಟ್ಟು ನಾವಿಕರು ದೋಣಿಯ ಅಂಚಿನಲ್ಲಿ ಪಾದ ಇಳಿಬಿಟ್ಟು ಜಪಮಾಲೆ ಹೇಳುತ್ತ ದಾಟಿದರು. ಕಚಗುಳಿಗೆ ನಡುನಡುವೆ ಪ್ರಾರ್ಥನೆ ನಗೆಯಾಗುತ್ತಿತ್ತು; ಮಾತೆ ಅಡ್ಡಿ ಮಾಡಲಿಲ್ಲ.

ಮಧ್ಯಾಹ್ನಕ್ಕೆ ಎರಡು ಹೋಳೂ ಬಿಡುಗಡೆಯಾಗಿ ಬಂದವು, ಸಂಜೆಗೆ ಮದುವೆಯಾಯಿತು. ಊರೆಲ್ಲ ಉಪವಾಸಕ್ಕೆ ಮುಂಚಿನ ಕಾರ್ನಿವಲ್ ಹಬ್ಬದ ಮುಖವಾಡ ಹಾಕಿದ್ದರಿಂದ ಕರೆದವರು ಯಾರು, ಕರೆಯದೆ ಬಂದವರು ಯಾರು ತಿಳಿಯಲಿಲ್ಲ, ಎಲ್ಲರೂ ಉಂಡರು. ಮೆಲ್ಚೋರ ಎರವಲು ಒಲೆಯ ಮೇಲೆ ಹಂದಿಮಾಂಸವೂ ಗೆಣಸೂ ಬೆಂದ ಸಾರು ಮಾಡಿದ್ದ. ಹಳಸಿರಲಿಲ್ಲ.

"ಮುಂದಿನ ಬಿರುಗಾಳೀಲಿ ಯಾರಿಗೆ ಹರಸಿಕೊಳ್ಳಲಿ?" ಎಂದು ಮದುಮಗ ಕೇಳಿದ.

"ಮೊದಲು ಹಾಯಿ ಇಳಿಸು, ಆಮೇಲೆ ಬಾಯಿ ತೆರಿ" ಎಂದಳು ಮದುಮಗಳು.

ಬುಧವಾರ ಹಣೆಗೆ ಬೂದಿ ಇಡಿಸಿಕೊಂಡು ಅವಳು ಕಟ್ಟೆಗೆ ಬಂದು ಕೂತಳು. ಅಂಗೈಗೆ ಪಟ್ಟಿ ಬಿಗಿದು, ಮಗನ ಪಾಲನ್ನೂ ತಾಯಿಯ ಪಾಲನ್ನೂ ಒಂದರ ಮೇಲೊಂದು ಮಡಿಸಿ, ಜೋಡಿ ದಾರದಲ್ಲಿ ಹೊಲಿಯತೊಡಗಿದಳು. ಇನ್ನೊಂದು ತುದಿಯನ್ನು ತದೇಯೊ ಎಳೆದು ಹಿಡಿದಿದ್ದ. ಗಂಡ ಕೈಗೆ ಸಿಕ್ಕಿದ್ದಾನೆಂದು ಅವಳು ಹೊಲಿಗೆಯನ್ನು ಸ್ವಲ್ಪ ನಿಧಾನವಾಗಿಯೇ ಹಾಕಿದಳು.