ಕಾಟಮ್ಮನ ಚೀಲ ಇನ್ನೂ ಅಲ್ಲೇ ಇದೆ

ಕಾರ್ತಿಕದ ಚಳಿ ಈಗಷ್ಟೇ ಬಿದ್ದಿದೆ. ದೇವಸಮುದ್ರದ ಕಡೆಯ ಹೊಲಗಳಲ್ಲಿ ಶೇಂಗಾ ಕಿತ್ತು ಬಳ್ಳಿ ಒಣಹಾಕಿದ್ದಾರೆ. ಊರಿಗೆಲ್ಲ ಹಸಿಮಣ್ಣಿನ ವಾಸನೆ. ಬೆಳಕು ಹರಿಯುವ ಮುಂಚೆಯೇ ಗಾದ್ರಪ್ಪ ಅಂಗಳ ಗುಡಿಸಿ, ಹುಣಸೆಮರದ ಬುಡದಲ್ಲಿ ಮರಳಿನ ಚೀಲಗಳನ್ನು ತಂದಿಡುತ್ತಾರೆ. ಹಳೆಯ ಗೋಣಿ ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಬಾಯಿಗೆ ಹಗ್ಗ ಕಟ್ಟಿದ ಚೀಲಗಳು. ಒಂದು ಕೂಸಿನ ದಿಂಬಿನಷ್ಟಿದ್ದರೆ ಇನ್ನೊಂದು ಕುರಿಮರಿಯಷ್ಟು.

ಮೊದಲು ಬರುವವರು ಟ್ರ್ಯಾಕ್ಟರ್ ರಿಪೇರಿ ಬಿಟ್ಟು ಮನೆಯಲ್ಲಿರುವ ಮಸ್ತಾನ್ ಸಾಬ್. ಅವರ ಹಿಂದೆ ಇಬ್ಬರು ಮುದುಕಿಯರು. ಚೀಲವನ್ನು ಎದೆಗಪ್ಪಿಕೊಂಡು ಕಲ್ಲುಚಪ್ಪಡಿಯ ಮೇಲೆ ಕೂರುವುದು, ಏಳುವುದು, ಮತ್ತೆ ನಿಧಾನಕ್ಕೆ ಕೂರುವುದು. ಇಷ್ಟೇ ಇಲ್ಲಿಯ ಕೆಲಸ.

"ಏನ್ ಗಾದ್ರಣ್ಣ, ಮರಳಿಗೆ ನೀರು ಹುಯ್ದೀಯಾ? ನಿನ್ನೆಗಿಂತ ಭಾರ ಐತಲ್ಲ."

"ರಾತ್ರಿ ಎಷ್ಟು ಮುದ್ದೆ ಉಂಡ್ರಿ ಅಂತ ಮೊದ್ಲು ಹೇಳ್ರಿ ಸಾಬ್ರೇ. ಬೆನ್ನು ಬಗ್ಗಿಸಬ್ಯಾಡ್ರಿ, ಕುಂಡಿ ಹಿಂದಕ್ಕೆ ತಗೊಂಡು ಕುಂದ್ರಿ. ಏಳುವಾಗ ಉಸಿರು ಕಟ್ಟಬ್ಯಾಡ್ರಿ, ಬಿಡ್ರಿ."

ಈ ಮಾತು ಗಾದ್ರಪ್ಪನವರಿಗೆ ಬಂದದ್ದು ಚಳ್ಳಕೆರೆಯ ಎಣ್ಣೆಮಿಲ್ಲುಗಳಿಂದ. ಮೀಸೆ ಮೂಡಿದಾಗಿನಿಂದ ಅಲ್ಲಿ ಹಮಾಲಿ. ಮೂಟೆ ಸಾಗಿಸುವ ಯಂತ್ರ ಬಂದ ಮೇಲೆ ಊರಿಗೆ ಬಂದು ಜಗಲಿ ಹಿಡಿದರು. ಎಲ್ಲರೂ ಅಂದದ್ದು ಒಂದೇ ಮಾತು: ಸಾಕಷ್ಟು ದುಡಿದೀಯ, ಕುಂತ್ಕೋ. ಕೂತರು. ಎರಡು ವರ್ಷ ಕಳೆಯುವುದರೊಳಗೆ ತೊಡೆ ಬತ್ತಿ ಕೋಲಾಯಿತು. ಒಂದು ಬೆಳಿಗ್ಗೆ ಬಯಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತವರಿಗೆ ಏಳಲಾಗಲಿಲ್ಲ. ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ಕಂಕುಳಿಗೆ ಕೈಕೊಟ್ಟು ಎತ್ತಿದ.

"ಕ್ವಿಂಟಾಲ್ ಮೂಟೆ ಹೊತ್ತೋನು ನಾನು," ಎನ್ನುತ್ತಾರೆ. "ನನ್ನ ಮೈ ನನಗೇ ಎತ್ತಕ್ಕೆ ಆಗ್ಲಿಲ್ಲ."

ಚಳ್ಳಕೆರೆಯಲ್ಲಿ ಫಿಸಿಯೋಥೆರಪಿ ಮಾಡುವ ತೇಜಶ್ರೀ ಎಂಬ ಹುಡುಗಿ ದಾರಿ ತೋರಿಸಿದಳು. "ಕೆಲಸ ಕೊಡದಿದ್ದರೆ ಮೈ ಕರಗುತ್ತೆ ತಾತ. ಸ್ವಲ್ಪ ಸ್ವಲ್ಪವೇ ಭಾರ ಎತ್ತಿ, ಎಂಬತ್ತರಲ್ಲೂ ಶಕ್ತಿ ಬರುತ್ತೆ," ಎಂದಳು. ಅವಳ ಹತ್ತಿರ ಕಲಿತದ್ದಕ್ಕೆ ತಮ್ಮ ಹಮಾಲಿಯ ಪಟ್ಟು ಸೇರಿಸಿ ಚೀಲ ಹೊಲಿದರು. ಎದೆನೋವು, ಬಿಪಿ ಅಂದವರನ್ನು ಇಂದಿಗೂ ಮೊದಲು ಅವಳ ಬಳಿಗೇ ಕಳಿಸುತ್ತಾರೆ.

ಈ ಅಂಗಳದ ಹೆಮ್ಮೆ ಎಂದರೆ ಕಾಟಮ್ಮ. ಎಪ್ಪತ್ತು ದಾಟಿದಾಕೆ. ಬಚ್ಚಲಲ್ಲಿ ಜಾರಿಬಿದ್ದು, ಮೂಳೆ ಮುರಿಯದಿದ್ದರೂ ಹಾಸಿಗೆಯಲ್ಲೇ ಉಳಿದು ಸೊರಗಿ, ಗೋಡೆ ಹಿಡಿದುಕೊಂಡು ಇಲ್ಲಿಗೆ ಬಂದಿದ್ದಳು. ಶುರುವಾದದ್ದು ಬರೀ ಗೋಣಿಯಿಂದ. ವಾರಕ್ಕೊಂದು ಹಿಡಿ ಮರಳು, ಅದೂ ಹಿಂದಿನದು ಹಗುರವಾಗಿದ್ದರೆ ಮಾತ್ರ. "ಗುಬ್ಬಿಗೆ ಕಾಳು ಹಾಕ್ದಂಗೆ ಹಾಕ್ತೀಯಲ್ಲೋ ಗಾದ್ರಿ," ಎಂದು ರೇಗಿಸುತ್ತಿದ್ದಳು. ಯುಗಾದಿಯ ಹೊತ್ತಿಗೆ ಕೈಯೂರದೆ ನೆಲದಿಂದ ಎದ್ದಳು. ಎದ್ದವಳೇ ಹರಕೆ ಹೊತ್ತಳು: ಕಾರ್ತಿಕಕ್ಕೆ ಜಟಿಂಗ ರಾಮೇಶ್ವರದ ಬೆಟ್ಟವನ್ನು ನನ್ನ ಕಾಲಲ್ಲೇ ಹತ್ತಿ ಕಾಯಿ ಒಡೀತೀನಿ.

ಮುಂಗಾರು ಬಿತ್ತನೆಗೆ ಮುಂಚೆ ಅವಳ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಮೊದಲ ಬಸ್ಸಿಗೇ ಬಂದಿಳಿದವರ ಕಣ್ಣಿಗೆ ಬಿದ್ದದ್ದು ಎದೆಗೆ ಗೋಣಿಚೀಲ ಅಪ್ಪಿಕೊಂಡು ನಿಂತ ಕಾಟಮ್ಮ. "ನಿಮ್ಮನೆಯಾಗೆ ಮುದುಕರೇ ಮೂಟೆ ಹೊರಬೇಕೇನ್ರಿ?" ಎಂದು ಗಂಡಿನ ಅಪ್ಪ ನಕ್ಕರು. ಮದುವೆ ವಯಸ್ಸಿನ ಮೊಮ್ಮಕ್ಕಳಿರುವವಳು ನೀರಿನ ಕೊಡ ಎತ್ತಿದರೂ ಮಗನ ಮಾನ ಹೋಗುವ ಊರು ಇದು. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಮಗ ಗೋವರ್ಧನ ತಲೆ ತಗ್ಗಿಸಿದ. ಮರುದಿನ ಬೆಳಿಗ್ಗೆ ಬಂದು ಅವ್ವನ ಚೀಲವನ್ನು ಬಿಚ್ಚಿ ಅಂಗಳಕ್ಕೆ ಸುರಿದ.

"ನಿನಗೆ ಕೈಮುಗಿತೀನಿ ಗಾದ್ರಣ್ಣ. ಹಮಾಲಿ ನಿನ್ನ ಹಣೇಲಿ ಬರ್ದಿತ್ತು, ನಮ್ಮವ್ವನ ಹಣೇಲಿಲ್ಲ."

ಅಂಗಳಕ್ಕೆ ಬರುತ್ತಿದ್ದ ಉಳಿದ ಮನೆಗಳವರಿಗೂ ಮಾನದ ನೆನಪಾಯಿತು. ಒಬ್ಬೊಬ್ಬರೇ ಬರುವುದು ಬಿಟ್ಟರು; ಉಳಿದದ್ದು ಮಸ್ತಾನ್ ಸಾಬ್, ಆ ಇಬ್ಬರು ಮುದುಕಿಯರು ಅಷ್ಟೇ. ಗಾದ್ರಪ್ಪ ಸುರಿದ ಮರಳನ್ನು ಬಳಿದು, ಕೈಯಲ್ಲೇ ತೂಗಿ ತೂಗಿ, ಕಾಟಮ್ಮ ಬಿಟ್ಟುಹೋದ ಭಾರಕ್ಕೇ ಮತ್ತೆ ತುಂಬಿಟ್ಟರು.

ಕಾಟಮ್ಮನಿಗೀಗ ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ಮೆತ್ತನೆಯ ಕುರ್ಚಿ, ಕೂತಲ್ಲಿಗೇ ಊಟ, ಕೂತಲ್ಲೇ ಬಹಿರ್ದೆಸೆಗೆ ತೂತಿನ ಕುರ್ಚಿ. ಒಂದರಿಂದ ಇನ್ನೊಂದಕ್ಕೆ ದಾಟಿಸಲು ಇಬ್ಬರು ಬೇಕು. ಮಗನೆಂದರೆ ಹೀಗಿರಬೇಕು ಎಂದು ಊರೇ ಹೊಗಳುತ್ತದೆ. ದಸರೆಯಲ್ಲಿ ಬನ್ನಿ ಕೊಡಲು ಗಾದ್ರಪ್ಪ ಹೋದಾಗ ಏಳಲು ನೋಡಿದಳು. ಆಗಲಿಲ್ಲ. ದನಿ ತಗ್ಗಿಸಿ, "ಬರೀ ಗೋಣಿಯಿಂದ ಮತ್ತೆ ಶುರು ಮಾಡಾಣೇನೋ ಗಾದ್ರಿ?" ಎಂದಳು. ಒಳಗಿನಿಂದ ಮಗನ ದನಿ ಬಂತು: "ಅವ್ವಾ, ಸುಮ್ಕೆ ಕುಂತ್ಕೋ."

ಇವತ್ತು ಮುದುಕಿಯರು ಇನ್ನೂ ಚೀಲ ಕೆಳಗಿಡುವ ಮೊದಲೇ ಅಂಗಳದಾಚೆ ಬೈಕು ನಿಲ್ಲುತ್ತದೆ. ಗೋವರ್ಧನ. ಬರಿಗಾಲು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ತೆಂಗಿನಕಾಯಿಯ ಹೋಳು.

"ನಿನ್ನೆ ನಾನೇ ಬೆಟ್ಟ ಹತ್ತಿ ಕಾಯಿ ಒಡೆದು ಬಂದೆ ಗಾದ್ರಣ್ಣ. ಅವ್ವನ ಹರಕೆ ತೀರ್ತು."

ದೇವರ ಪ್ರಸಾದವೆಂದು ಗಾದ್ರಪ್ಪ ಹೋಳನ್ನು ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. "ಅವ್ವ ಏನಂದ್ಳು?" ಎನ್ನುತ್ತಾರೆ.

"ಏನಂತಾಳೆ. ಹೋಳು ಮಡಿಲಿಗೆ ಹಾಕ್ದೆ. ಗೋಡೆ ಕಡೆ ತಿರುಗಿ ಕುಂತ್ಲು. ವಯಸ್ಸಾತಲ್ಲ."

ಬೈಕಿನ ಸದ್ದು ತಿರುವಿನಲ್ಲಿ ಅಡಗುತ್ತದೆ. ಹುಣಸೆಬುಡದ ಚೀಲಗಳ ಕೊನೆಯಲ್ಲಿ, ಈ ಆರು ತಿಂಗಳಲ್ಲಿ ಯಾರೂ ಎದೆಗಪ್ಪಿಕೊಳ್ಳದ ಒಂದು ಚೀಲವಿದೆ. ಗಾದ್ರಪ್ಪ ಹೋಳನ್ನು ಅದರ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಾರೆ.

"ತಿನ್ನಲ್ವೇನ್ ಗಾದ್ರಣ್ಣ, ಪರಸಾದ?" ಎನ್ನುತ್ತಾರೆ ಮಸ್ತಾನ್ ಸಾಬ್.

"ಅದು ಮಗ ಹತ್ತಿದ್ದಕ್ಕೆ ಸಾಬ್ರೇ. ಕಾಟಮ್ಮಂದು ಇನ್ನೂ ಬಾಕಿ ಐತೆ."